ಸರೋವರವನ್ನು ಸುತ್ತಿದ ಸ್ವಾಮಿ

ನಮ್ಮ ಪುಣೆಯಲ್ಲಿ ಹಳೆಯ ಶಾಲೆಯ ಕಟ್ಟಡ, ವಾಚನಾಲಯ, ಬಸ್ ನಿಲ್ದಾಣದ ಕಲ್ಲುಬೆಂಚು ಯಾವುದನ್ನೇ ನೋಡ್ರಿ, ದಾನಿಗಳ ಹೆಸರಿನ ಮುಂದೆ 'ಕೈ.' ಎಂಬ ಒಂದಕ್ಷರ ಕೂತಿರುತ್ತದೆ. ಕರ್ನಾಟಕದಿಂದ ಹೊಸದಾಗಿ ಬಂದವರಿಗೆ ಅದೇನೆಂದು ಹೊಳೆಯೋದಿಲ್ಲ. ಮರಾಠಿಯಲ್ಲಿ ಅದು 'ಕೈಲಾಸವಾಸಿ' ಎಂಬುದರ ಮೊಟಕು ರೂಪ. ಆ ಮನುಷ್ಯ ಈಗಿಲ್ಲ ಅಂತ ಅರ್ಥ. ನಾವು ಕನ್ನಡದವರೂ ಕಡಿಮೆಯಿಲ್ಲ. ಹಿರಿಯರು ತೀರಿಕೊಂಡರೆ ಕೈಲಾಸ ಸೇರಿದರು ಅನ್ನುತ್ತೇವೆ. ಅಲ್ಲಿಗೆ ಹೋಗುವುದು ಒಂದೇ ಸಲ, ಅದೂ ಉಸಿರು ನಿಂತ ಮೇಲೆ ಎಂಬುದು ಎರಡೂ ಭಾಷೆಯವರ ತಿಳುವಳಿಕೆ.

ಬದುಕಿರುವಾಗಲೇ ಕೈಲಾಸ ಪರ್ವತವನ್ನು ಇಪ್ಪತ್ತಮೂರು ಸಲ, ಅದರ ಮುಂದಿನ ಮಾನಸ ಸರೋವರವನ್ನು ಇಪ್ಪತ್ತೈದು ಸಲ ಕಾಲ್ನಡಿಗೆಯಲ್ಲಿ ಸುತ್ತಿದ ಒಬ್ಬ ಸಂನ್ಯಾಸಿ ಇದ್ದರು. ಸುತ್ತಿ ಬಂದು ಕೈಮುಗಿದು ಸುಮ್ಮನಾಗಲಿಲ್ಲ. ದಾರಿ ಎಷ್ಟು ಮೈಲಿ, ಎಲ್ಲಿ ಉರುವಲು ಸಿಗುತ್ತದೆ, ಯಾವ ಹಳ್ಳ ಮಧ್ಯಾಹ್ನದ ಹೊತ್ತಿಗೆ ದಾಟಲು ಬರುವುದಿಲ್ಲ, ಸರೋವರ ಯಾವಾಗ ಗಡ್ಡೆ ಕಟ್ಟುತ್ತದೆ, ಎಲ್ಲವನ್ನೂ ಬರೆದಿಟ್ಟರು. ಅವರೇ ಸ್ವಾಮಿ ಪ್ರಣವಾನಂದರು. ಈ ಹೆಸರಿನ ಸ್ವಾಮಿಗಳು ಬಂಗಾಲದಲ್ಲೂ ಒಬ್ಬರಿದ್ದರು, ಭಾರತ ಸೇವಾಶ್ರಮ ಸಂಘ ಕಟ್ಟಿದವರು; ಇವರು ಬೇರೆ. ನಮ್ಮ ನೆರೆಯ ಆಂಧ್ರದವರು.

ಹುಟ್ಟಿದ್ದು 1896ರಲ್ಲಿ, ಗೋದಾವರಿ ಸೀಮೆಯಲ್ಲಿ. ಮನೆಯಲ್ಲಿ ಇಟ್ಟ ಹೆಸರು ಕನಕದಂಡಿ ವೆಂಕಟ ಸೋಮಯಾಜುಲು. ಹೆಸರು ಕೇಳಿದರೇ ಯಜ್ಞಶಾಲೆಯ ಹೊಗೆ ನೆನಪಾಗುತ್ತದೆ, ಆದರೆ ಹುಡುಗ ಓದಿದ್ದು ದೂರದ ಲಾಹೋರಿನ ಡಿ.ಎ.ವಿ. ಕಾಲೇಜಿನಲ್ಲಿ. ಓದಿದ ಮೇಲೆ ಅದೇ ಊರಿನ ರೇಲ್ವೆ ಲೆಕ್ಕಪತ್ರ ಕಚೇರಿಯಲ್ಲಿ ನೌಕರಿ. ಈ ಲೆಕ್ಕದ ನೌಕರಿಯನ್ನು ದಯವಿಟ್ಟು ಮರೆಯಬೇಡಿರಿ. ಮುಂದೆ ಅವರು ಹಿಮಾಲಯದಲ್ಲಿ ಏನು ಮಾಡಿದರೋ ಅದರಲ್ಲೆಲ್ಲ ಒಬ್ಬ ಒಳ್ಳೆಯ ಗುಮಾಸ್ತನ ಕೈ ಕಾಣುತ್ತದೆ. 1920ರಲ್ಲಿ ಅಸಹಕಾರ ಚಳವಳಿ ಬಂತು. ನೌಕರಿ ಬಿಟ್ಟರು. ಊರಿಗೆ ಬಂದು ಪಶ್ಚಿಮ ಗೋದಾವರಿಯಲ್ಲಿ 1926ರ ತನಕ ಕಾಂಗ್ರೆಸ್ಸಿನ ಕೆಲಸ ಮಾಡಿದರು. ಆಮೇಲೆ ಮನಸ್ಸು ಬೇರೆ ಕಡೆ ತಿರುಗಿತು.

ತಿರುಗಿಸಿದ ಗುರುಗಳ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಸ್ವಾಮಿ ಜ್ಞಾನಾನಂದರು ಅದೇ ಗೋದಾವರಿ ಸೀಮೆಯವರು, ಹಿಮಾಲಯದಲ್ಲಿ ತಪಸ್ಸು ಮಾಡಿದವರು. ಮುಂದೆ ಯುರೋಪಿಗೆ ಹೋದವರು ಅಲ್ಲಿ ಭೌತವಿಜ್ಞಾನ ಹಿಡಿದರು, ಪ್ರಾಗ್ ವಿಶ್ವವಿದ್ಯಾಲಯದಲ್ಲಿ ಕ್ಷ-ಕಿರಣಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು, ಕೊನೆಗೆ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಪರಮಾಣು ವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಕಾವಿ ಬಟ್ಟೆಯಲ್ಲೇ! ಇಂಥ ಗುರುವಿನ ಶಿಷ್ಯ ದೇವರ ಸರೋವರಕ್ಕೆ ಹೋಗುವಾಗ ಜೋಳಿಗೆಯಲ್ಲಿ ಉಷ್ಣಮಾಪಕ ಇಟ್ಟುಕೊಂಡು ಹೋದರೆ ಅದರಲ್ಲಿ ಆಶ್ಚರ್ಯವೇನು?

ಮೊದಲ ಯಾತ್ರೆ 1928ರಲ್ಲಿ. ಅದು ಸುಲಭದ ದಾರಿಯಲ್ಲ. ಶ್ರೀನಗರದಿಂದ ಲಡಾಖ್ ಹಾದು, ಗಾರ್ತೋಕ್ ಮೂಲಕ ಕೈಲಾಸಕ್ಕೆ ಹೋಗಿ, ನೀತಿ ಘಾಟಿನ ಮೇಲಿಂದ ಗಢವಾಲಕ್ಕೆ ಇಳಿದರು. ಎರಡನೆಯದು 1935ರಲ್ಲಿ, ಗಂಗೋತ್ರಿ ಸೀಮೆಯಿಂದ. 1936ರಲ್ಲಿ ಮೂರನೆಯ ಸಲ ಹೊರಟಾಗ ಅಲ್ಮೋಡಾದ ದಾರಿ ಹಿಡಿದರು. ಯಾತ್ರಿಕರು ಹೆಚ್ಚಾಗಿ ಹೋಗುತ್ತಿದ್ದುದು ಇದೇ ದಾರಿ.

ಆ ದಾರಿ ಹೇಗಿತ್ತು ಅಂತ ಸ್ವಲ್ಪ ಕೇಳಿರಿ. ಕಾಠಗೋದಾಮಿಗೆ ರೈಲು ಮುಗಿಯುತ್ತದೆ. ಅಲ್ಲಿಂದ ಅಲ್ಮೋಡಾಕ್ಕೆ ಮೋಟಾರು. ಅಲ್ಮೋಡಾದಿಂದ ಕೈಲಾಸಕ್ಕೆ ಸುಮಾರು 240 ಮೈಲಿ, ಅದೆಲ್ಲ ಕಾಲುದಾರಿ. ಅಸ್ಕೋಟ್, ಧಾರಚುಲಾ, ಖೇಲಾ ದಾಟಿ ಕಾಳೀ ನದಿಯ ಪಕ್ಕದಲ್ಲಿ ಏರುತ್ತ ಗರ್ಬ್ಯಾಂಗ್ ಎಂಬ ಹಳ್ಳಿ ಸೇರಬೇಕು. ನದಿಯ ಆಚೆ ದಂಡೆ ನೇಪಾಳ. ಗರ್ಬ್ಯಾಂಗದ ಭೋಟಿಯಾ ಜನ ತಲೆತಲಾಂತರದಿಂದ ಟಿಬೆಟ್ಟಿನ ಜೊತೆ ವ್ಯಾಪಾರ ಮಾಡುವವರು. ಧಾನ್ಯ, ಬೆಲ್ಲ, ಬಟ್ಟೆ ಅತ್ತ ಒಯ್ದು ಉಣ್ಣೆ, ಉಪ್ಪು, ಬಿಳಿಗಾರ ಇತ್ತ ತರುವವರು. ಅವರ ಕುರಿಗಳೂ ಸಣ್ಣ ಸಣ್ಣ ಚೀಲ ಹೊತ್ತು ನಡೆಯುತ್ತಿದ್ದವು. ಅಲ್ಲಿಂದ ಮುಂದೆ ಕಾಲಾಪಾನಿ, ಆಮೇಲೆ 16,750 ಅಡಿ ಎತ್ತರದ ಲಿಪುಲೇಖ ಘಾಟು. ಬೆಳಕು ಹರಿಯುವ ಮೊದಲೇ ಹೊರಟು, ಹಿಮ ಮೆತ್ತಗಾಗುವುದರೊಳಗೆ ಅದನ್ನು ದಾಟಬೇಕು. ಆಚೆ ಇಳಿದರೆ ತಕ್ಲಾಕೋಟ್ ಸಂತೆ. ಹತ್ತಿರದಲ್ಲೇ ತೋಯೋ ಎಂಬಲ್ಲಿ ಜಮ್ಮುವಿನ ಸೇನಾಪತಿ ಜೋರಾವರ್ ಸಿಂಗನ ಸಮಾಧಿ. ಟಿಬೆಟ್ಟನ್ನು ಗೆಲ್ಲಲು ಹೋದ ಅವನು 1841ರ ಚಳಿಯಲ್ಲಿ ಸೈನ್ಯದೊಂದಿಗೆ ಅಲ್ಲೇ ಮುಗಿದ. ಇನ್ನೂ ಮುಂದೆ ಗುರ್ಲಾ ಘಾಟು. ಅದರ ನೆತ್ತಿಯಲ್ಲಿ ಕಲ್ಲಿನ ಗುಡ್ಡೆ, ಬಣ್ಣಬಣ್ಣದ ಬಾವುಟ. ಅಲ್ಲಿ ನಿಂತರೆ ಕೆಳಗೆ ಎಡಕ್ಕೆ ರಾಕ್ಷಸತಾಲ, ಬಲಕ್ಕೆ ಮಾನಸ ಸರೋವರ, ಎದುರಿಗೆ ಕೈಲಾಸ. ಒಬ್ಬೊಬ್ಬ ಯಾತ್ರಿಕ ಅಲ್ಲಿ ಏನೇನು ಅನುಭವಿಸಿದ ಎಂಬುದು ಬೇಕಾದಷ್ಟು ಪುಸ್ತಕಗಳಲ್ಲಿದೆ, ಹಾಗಾಗಿ ಅದನ್ನು ಇಲ್ಲಿ ಬಿಡೋಣ.

ಸಾಮಾನ್ಯ ಯಾತ್ರಿಕ ಸರೋವರದಲ್ಲಿ ಮುಳುಗೆದ್ದು, ಪರ್ವತ ಸುತ್ತಿ, ಚಳಿಗಾಲ ಬರುವುದರೊಳಗೆ ಓಡಿ ಬರುತ್ತಾನೆ. ಘಾಟುಗಳು ಹಿಮದಿಂದ ಮುಚ್ಚಿದರೆ ಮುಂದಿನ ಬೇಸಿಗೆಯ ತನಕ ಸೆರೆ. ಪ್ರಣವಾನಂದರು 1936ರಲ್ಲಿ ಬೇಕೆಂದೇ ಆ ಸೆರೆಗೆ ಬಿದ್ದರು. ಸರೋವರದ ದಕ್ಷಿಣ ದಂಡೆಯಲ್ಲಿ ತುಗೊಲ್ಹೋ ಎಂಬ ಬೌದ್ಧ ಮಠವಿದೆ, ಅಲ್ಲಿ ಅದನ್ನು ಗೊಂಪಾ ಅನ್ನುತ್ತಾರೆ. ಅಲ್ಲೊಂದು ಕೋಣೆ ಹಿಡಿದು ಪೂರಾ ಒಂದು ವರ್ಷ ಉಳಿದರು. ಸಮುದ್ರಮಟ್ಟದಿಂದ ಸುಮಾರು 14,950 ಅಡಿ. ನಾವು ರವಿವಾರ ಏದುಸಿರು ಬಿಡುತ್ತ ಹತ್ತುವ ಸಿಂಹಗಡವನ್ನು ಒಂದರ ಮೇಲೊಂದು ಮೂರು ಪೇರಿಸಿದರೂ ಆ ದಂಡೆ ಇನ್ನೂ ಮೇಲೆಯೇ ಉಳಿಯುತ್ತದೆ. ಗಿಡಮರವಿಲ್ಲ. ಉರುವಲಿಗೆ ಯಾಕಿನ ಕುಳ್ಳು, ಇಲ್ಲವೇ ಮುಳ್ಳಿನ ಕುರುಚಲು. ಊಟಕ್ಕೆ ಹುರಿದ ಜವೆಗೋಧಿಯ ಹಿಟ್ಟು, ಬೆಣ್ಣೆ-ಉಪ್ಪು ಹಾಕಿದ ಚಹಾ. ಗೋದಾವರಿಯ ಅನ್ನ-ಗೊಂಗೂರದಲ್ಲಿ ಬೆಳೆದ ಹೊಟ್ಟೆ ಇದನ್ನು ಹೇಗೆ ಒಪ್ಪಿಕೊಂಡಿತೋ!

ಆ ಚಳಿಗಾಲ ಅವರು ನೋಡಿದ್ದನ್ನು ಅವರಿಗಿಂತ ಮೊದಲು ಹೊರಗಿನವರು ಯಾರೂ ಅಷ್ಟು ನಿಧಾನವಾಗಿ ಕೂತು ನೋಡಿ ಬರೆದಿರಲಿಲ್ಲ ಅಂತ ಧಾರಾಳವಾಗಿ ಹೇಳಬಹುದು. ಡಿಸೆಂಬರ್ ಕೊನೆಯ ಹೊತ್ತಿಗೆ ಇಡೀ ಸರೋವರ ಗಡ್ಡೆಕಟ್ಟಿತು. ಮತ್ತೆ ನೀರು ಕಂಡದ್ದು ಮೇ ತಿಂಗಳಲ್ಲಿ. ನಡುವಿನ ನಾಲ್ಕೂವರೆ ತಿಂಗಳು ಸರೋವರ ಸುಮ್ಮನೆ ಮಲಗಿರುವುದಿಲ್ಲ. ಗಡ್ಡೆಯ ಕೆಳಗೆ ನೀರಿನ ಮಟ್ಟ ಇಳಿಯುತ್ತದೆ, ಆಸರೆ ತಪ್ಪಿದ ಮೇಲಿನ ಹೊದಿಕೆ ಬಿರಿಯುತ್ತದೆ. ದಂಡೆಯಿಂದ ದಂಡೆಗೆ ಬಿರುಕು ಓಡುತ್ತದೆ, ಗುಡುಗಿನಂಥ ಸಪ್ಪಳ, ಗಡ್ಡೆಯ ಹಲಗೆಗಳು ತಳ್ಳಿಕೊಂಡು ಬಂದು ದಂಡೆಯ ಮೇಲೆ ರಾಶಿ ಬೀಳುತ್ತವೆ. ಸ್ವಾಮಿಗಳು ಇದನ್ನು ದಿನದಿನದ ಟಿಪ್ಪಣಿಯಾಗಿ ಬರೆದರು. ಪಕ್ಕದ ರಾಕ್ಷಸತಾಲ ಮಾನಸಕ್ಕಿಂತ ಎರಡು ಮೂರು ವಾರ ಮೊದಲೇ ಗಡ್ಡೆಕಟ್ಟುತ್ತದೆ, ಕರಗುವುದು ಮಾತ್ರ ತಡವಾಗಿ, ಅಂತ ಗುರುತಿಸಿದರು. ಅದರ ನಡುವೆ ಎರಡು ನಡುಗಡ್ಡೆಗಳಿವೆ, ಲಾಚಾತೋ ಮತ್ತು ತೊಪ್ಸೆರ್ಮಾ. ಗಡ್ಡೆಯ ಮೇಲೆ ನಡೆದುಹೋಗಿ ಎರಡನ್ನೂ ನೋಡಿಬಂದರು. ಕಾಲ ಕೆಳಗೆ ಬಿರಿಯಬಹುದಾದ ನೆಲ, ಮೇಲೆ ಆ ಗಾಳಿ. ಅವರ ಪುಸ್ತಕದಲ್ಲಿ ಇಂಥ ಕಡೆ ಧೈರ್ಯದ ಮಾತೇ ಬರುವುದಿಲ್ಲ. ದೂರ ಎಷ್ಟು, ಹೊತ್ತು ಎಷ್ಟು ಹಿಡಿಯಿತು ಎಂಬುದು ಬರುತ್ತದೆ, ಅಷ್ಟೇ.

ಈಗ ಸರೋವರದ ಸುತ್ತಿನ ದಾರಿಗೆ ಬರೋಣ. ಅವರ ಲೆಕ್ಕದಲ್ಲಿ ಸುತ್ತಳತೆ ಸುಮಾರು 54 ಮೈಲಿ, ಅಂದರೆ ಪುಣೆಯಿಂದ ಹೊರಟು ಖಂಡಾಳಾ ಘಾಟು ಇಳಿದು ಖೋಪೋಲಿ ದಾಟಿದಷ್ಟು. 1900ರಲ್ಲಿ ಅಲ್ಲಿಗೆ ಹೋಗಿದ್ದ ಜಪಾನಿನ ಭಿಕ್ಷು ಎಕಾಯಿ ಕವಾಗುಚಿ ಅದನ್ನು ಸುಮಾರು 200 ಮೈಲಿ ಅಂತ ಬರೆದಿದ್ದರು. ಕವಾಗುಚಿ ದೊಡ್ಡ ಪಂಡಿತರು, ವೇಷ ಮರೆಸಿಕೊಂಡು ಲ್ಹಾಸಾ ಮುಟ್ಟಿದ ಸಾಹಸಿ. ಆದರೆ ಸರೋವರದ ವಿಷಯಕ್ಕೆ ಒಂದು ಸಲ ದೂರದಿಂದ ನೋಡಿ ಬೆರಗಾದವರ ಲೆಕ್ಕಕ್ಕೂ, ಇಪ್ಪತ್ತೈದು ಸಲ ಬೂಟು ಸವೆಸಿದವರ ಲೆಕ್ಕಕ್ಕೂ ವ್ಯತ್ಯಾಸ ಇರೋದೇ. ದಂಡೆಯ ಸುತ್ತ ಎಂಟು ಗೊಂಪಾಗಳು: ಗೊಸ್ಸುಲ್, ಚಿಯು, ಚೆರ್ಕಿಪ್, ಲಂಗ್ಪೋನಾ, ಪೋನ್ರಿ, ಸೆರಲುಂಗ್, ಯೆರ್ನ್‌ಗೋ, ತುಗೊಲ್ಹೋ. ಬೌದ್ಧರೂ ಹಿಂದೂಗಳೂ ಸರೋವರವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಹೋಗುತ್ತಾರೆ. ಟಿಬೆಟ್ಟಿನ ಹಳೆಯ ಬೊನ್ ಮತದವರು ಎಡಕ್ಕಿಟ್ಟುಕೊಂಡು ಎದುರಾಗಿ ಬರುತ್ತಾರೆ. ಒಂದೇ ದಾರಿ, ಎರಡು ದಿಕ್ಕು.

ಈ ದಾರಿಯ ಒಂದು ಗುಟ್ಟನ್ನು ಸ್ವಾಮಿಗಳು ಚಳಿಗಾಲ ಅಲ್ಲಿ ಉಳಿದಿದ್ದರಿಂದಲೇ ಚೆನ್ನಾಗಿ ಅರಿತರು. ನಮ್ಮ ಯಾತ್ರಿಕರು ಬರುವುದು ಬೇಸಿಗೆ-ಮಳೆಗಾಲದಲ್ಲಿ. ಆಗ ಹಿಮ ಕರಗಿ ಹತ್ತಾರು ಹಳ್ಳಗಳು ಸರೋವರಕ್ಕೆ ಧುಮುಕುತ್ತಿರುತ್ತವೆ, ದಂಡೆಯ ಹತ್ತಿರ ಕೆಸರು, ಜೌಗು. ಹಾಗಾಗಿ ದಂಡೆ ಬಿಟ್ಟು ದೂರ ಸರಿದು, ಹಳ್ಳಗಳನ್ನು ಮೇಲಿನಿಂದ ದಾಟುತ್ತ ಸುತ್ತಬೇಕು. ದಾರಿಯೂ ಉದ್ದ, ಎಷ್ಟೋ ಕಡೆ ಸರೋವರವೇ ಮರೆಯಾಗುತ್ತದೆ. ಟಿಬೆಟ್ಟಿನವರು ಜಾಣರು. ಚಳಿಗಾಲದಲ್ಲಿ, ಹಳ್ಳ-ಸರೋವರ ಎಲ್ಲವೂ ಕಲ್ಲಾದಾಗ, ನೀರಿನ ಅಂಚು ಹಿಡಿದು ಮೂರು ನಾಲ್ಕು ದಿನದಲ್ಲಿ ಸುತ್ತು ಮುಗಿಸುತ್ತಾರೆ. ನಡೆಯಲು ಅತಿ ಕಷ್ಟದ ಕಾಲವೆಂದು ನಾವು ಅಂದುಕೊಂಡದ್ದೇ ಅಲ್ಲಿನವರಿಗೆ ಸರಿಯಾದ ಕಾಲ. ನಕಾಶೆ ನೋಡಿದರೆ ಇದು ಗೊತ್ತಾಗುವುದಿಲ್ಲ; ಆ ಊರಿನವರ ಜೊತೆ ಚಳಿ ಕಾಯಿಸುತ್ತ ಕೂತವರಿಗೆ ಗೊತ್ತಾಗುತ್ತದೆ.

ಕನ್ನಡ ವಿದ್ಯಾರ್ಥಿಗಳಾದ ನಮಗೆ ಇಲ್ಲಿ ಒಂದು ತಕರಾರು ಏಳುತ್ತದೆ. ನಮ್ಮ ಕಾವ್ಯಗಳ ಮಾನಸ ಸರೋವರ ಎಂದರೆ ಹೊಂದಾವರೆ, ಮುತ್ತು, ಹಾಲು-ನೀರು ಬೇರ್ಪಡಿಸುವ ರಾಜಹಂಸ. ಮಳೆಗಾಲದ ಮೋಡ ಕಂಡೊಡನೆ ಹಂಸಗಳು ಮಾನಸಕ್ಕೆ ಹೊರಡುತ್ತವೆ ಎಂಬ ಕವಿಸಮಯವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ನಾವು. ಸ್ವಾಮಿಗಳು ನಾಲ್ಕೂ ಋತುಗಳಲ್ಲಿ ದಂಡೆ ಸುತ್ತಿ ಹೇಳಿದ್ದಿಷ್ಟು: ಅಲ್ಲಿ ತಾವರೆ ಇಲ್ಲ. ಮುತ್ತಿಲ್ಲ. ಕಾವ್ಯದ ಹಂಸವೂ ಇಲ್ಲ. ವರ್ಷದಲ್ಲಿ ನಾಲ್ಕೂವರೆ ತಿಂಗಳು ಕಲ್ಲಾಗುವ ನೀರಿನಲ್ಲಿ ತಾವರೆ ಎಲ್ಲಿಂದ ಬರಬೇಕು? ಒಬ್ಬ ಸಂನ್ಯಾಸಿ ಇದನ್ನು ಹೇಳಿದರೆಂಬುದು ಮುಖ್ಯ. ಹೇಳಿದ ಮೇಲೂ ಅದೇ ಸರೋವರಕ್ಕೆ ವರ್ಷ ವರ್ಷ ಹೋಗಿ ಮುಳುಗೆದ್ದರು, ಭಕ್ತಿ ಒಂದಿಷ್ಟೂ ತಗ್ಗಲಿಲ್ಲ.

ಹಂಸ ಇಲ್ಲದಿದ್ದರೂ ಹೆಬ್ಬಾತುಗಳಿವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತು. ರಾಕ್ಷಸತಾಲದ ನಡುಗಡ್ಡೆಯಲ್ಲಿ ಮೊಟ್ಟೆಯಿಟ್ಟು ಮರಿಮಾಡುವುದು ಈ ಜಾತಿಯ ಹಕ್ಕಿ. ಇದೇ ಪಟ್ಟೆತಲೆಯ ಹೆಬ್ಬಾತು ಟಿಬೆಟ್-ಮಂಗೋಲಿಯಾ ಕಡೆಯಿಂದ ಹಿಮಾಲಯ ಹಾರಿ ದಾಟಿ, ಪ್ರತಿ ಚಳಿಗಾಲ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಸಾವಿರಗಟ್ಟಲೆ ಬಂದಿಳಿಯುತ್ತದೆ. ನವೆಂಬರಿನಿಂದ ಮಾರ್ಚ್ ತನಕ ಇರುತ್ತದೆ, ಬೇಸಿಗೆ ಬಂದೊಡನೆ ಉತ್ತರಕ್ಕೆ ಹೊರಟುಬಿಡುತ್ತದೆ. ಹಾಲು-ನೀರು ಬೇರ್ಪಡಿಸುವುದು ಸುಳ್ಳಿರಬಹುದು, ದಾರಿ ಹಿಡಿದು ಹೋಗುವುದು ಸುಳ್ಳಲ್ಲ. ಕವಿಗಳನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ ನೋಡ್ರಿ.

ಇದೇ 1936-37ರಲ್ಲಿ ಸ್ವಾಮಿಗಳು ಇನ್ನೊಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಕೈಲಾಸದ ಸುತ್ತಮುತ್ತ ನಾಲ್ಕು ಮಹಾನದಿಗಳು ಹುಟ್ಟುತ್ತವೆ: ಸಿಂಧು, ಸಟ್ಲೆಜ್, ಬ್ರಹ್ಮಪುತ್ರ, ಕರ್ನಾಲಿ. ಟಿಬೆಟ್ಟಿನವರ ಮಾತಿನಲ್ಲಿ ಇವು ಕ್ರಮವಾಗಿ ಸಿಂಹದ, ಆನೆಯ, ಕುದುರೆಯ, ನವಿಲಿನ ಬಾಯಿಂದ ಬರುವ ನದಿಗಳು. ಅವುಗಳ ನಿಜವಾದ ಮೂಲ ಕಂಡುಹಿಡಿದವನು ನಾನೇ ಅಂತ ಸ್ವೀಡನ್ನಿನ ಸ್ವೆನ್ ಹೆಡಿನ್ 1907ರ ಯಾತ್ರೆಯ ನಂತರ ಜಗತ್ತಿಗೆಲ್ಲ ಸಾರಿದ್ದ. ಹೆಡಿನ್ ಸಾಮಾನ್ಯನಲ್ಲ. ಮಾನಸ ಸರೋವರದಲ್ಲಿ ದೋಣಿ ಇಳಿಸಿ ಆಳ ನೋಡಿದವನು, ರಾಜಮಹಾರಾಜರ ಸತ್ಕಾರ ಪಡೆದವನು. ಅವನ ಮಾತಿಗೆ ಎದುರಾಡುವವರು ಕಡಿಮೆ.

ಪ್ರಣವಾನಂದರು ನಾಲ್ಕೂ ಮೂಲಗಳಿಗೆ ನಡೆದು ಹೋದರು. ಹೋಗಿ ಬಂದು ಎತ್ತಿದ ಪ್ರಶ್ನೆ ಲೆಕ್ಕಪತ್ರ ಕಚೇರಿಯವರು ಎತ್ತುವಂಥದು. ನದಿಯ ಮೂಲ ಅಂದರೆ ಏನು? ಅತಿ ಉದ್ದದ ಉಪನದಿಯ ತುದಿಯೋ, ಅತಿ ಹೆಚ್ಚು ನೀರು ತರುವುದರ ತುದಿಯೋ, ಅಲ್ಲಿನ ಜನ ಹಿಂದಿನಿಂದ ಮೂಲವೆಂದು ನಂಬಿ ಪೂಜಿಸುತ್ತ ಬಂದ ಜಾಗವೋ? ಯಾವುದಾದರೂ ಒಂದು ಅಳತೆಗೋಲು ಹಿಡಿಯಿರಿ, ಆದರೆ ನಾಲ್ಕಕ್ಕೂ ಅದನ್ನೇ ಹಿಡಿಯಿರಿ ಎಂಬುದು ಅವರ ವಾದ. ಹೆಡಿನ್ ಒಂದು ನದಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಅಳತೆ ಬಳಸಿದ್ದಾನೆಂದು ತೋರಿಸಿದರು. ಬ್ರಹ್ಮಪುತ್ರದ ವಿಷಯಕ್ಕೆ ಹೆಡಿನ್ ಹೆಚ್ಚು ನೀರಿರುವ ಕುಬಿಯನ್ನು ಹಿಡಿದಿದ್ದರೆ, ಸ್ವಾಮಿಗಳು ಸ್ಥಳೀಯರ ನಂಬಿಕೆಗೆ ಒಪ್ಪುವ ಚೆಮಯುಂಗ್‌ದುಂಗ್ ಹಿಮನದಿಯನ್ನು ಹೇಳಿದರು. 1939ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬಂತು. ಹೆಡಿನ್ ಇನ್ನೂ ಬದುಕಿದ್ದ. ಅದೇ ವರ್ಷ ಕಲಕತ್ತಾ ವಿಶ್ವವಿದ್ಯಾಲಯ ಅವರ ಸಂಶೋಧನೆಯನ್ನು ಪುಸ್ತಕವಾಗಿ ತಂದಿತು. ಈ ಜಗಳ ಮುಗಿಯುವಂಥದೂ ಅಲ್ಲ. 2011ರಲ್ಲಿ ಚೀನಾದ ವಿಜ್ಞಾನಿಗಳು ಉಪಗ್ರಹದ ಚಿತ್ರ ಅಭ್ಯಾಸ ಮಾಡಿ ಬ್ರಹ್ಮಪುತ್ರದ ಮೂಲ ಆಂಗ್ಸಿ ಎಂಬ ಹಿಮನದಿ ಎಂದರು. ಆಗ ಅವರು ಬದಿಗೆ ಸರಿಸಬೇಕಾಗಿ ಬಂದದ್ದು ಈ ತೆಲುಗು ಸಂನ್ಯಾಸಿ 1930ರ ದಶಕದಲ್ಲಿ ತೋರಿಸಿದ ಜಾಗವನ್ನೇ.

ಮಾನಸ ಮತ್ತು ರಾಕ್ಷಸತಾಲದ ನಡುವೆ ಗಂಗಾ ಛು ಎಂಬ ಆರು ಮೈಲಿಯ ಕಾಲುವೆಯಂಥದೊಂದು ಇದೆ. ಅದರಲ್ಲಿ ನೀರು ಹರಿಯುತ್ತದೋ ಇಲ್ಲವೋ ಎಂದು ನೂರು ವರ್ಷ ಸಾಹೇಬರು ಕಿತ್ತಾಡಿದ್ದರು. 1812ರಲ್ಲಿ ಮೂರ್‌ಕ್ರಾಫ್ಟ್ ಇಲ್ಲ ಎಂದ, 1846ರಲ್ಲಿ ಸ್ಟ್ರೇಚಿ ಇದೆ ಎಂದ. ಒಂದೊಂದು ಸಲ ಹೋದವರು ಒಂದೊಂದು ಕಂಡರು. ಮತ್ತೆ ಮತ್ತೆ ಹೋದ ಸ್ವಾಮಿಗಳಿಗೆ ಇದರಲ್ಲಿ ಜಗಳವೇ ಕಾಣಲಿಲ್ಲ: ಕೆಲವು ವರ್ಷ ಹರಿಯುತ್ತದೆ, ಕೆಲವು ವರ್ಷ ಹರಿಯುವುದಿಲ್ಲ.

ಆಮೇಲಿನ ಹನ್ನೆರಡು ಹದಿಮೂರು ವರ್ಷ ಬಹುತೇಕ ಪ್ರತಿ ಬೇಸಿಗೆಯೂ ಅಲ್ಲಿಗೇ. 1943-44ರಲ್ಲಿ ಮತ್ತೊಮ್ಮೆ ದೀರ್ಘಕಾಲ ಉಳಿದರು. 1949ರಲ್ಲಿ ಅವರ 'ಕೈಲಾಸ್-ಮಾನಸರೋವರ್' ಎಂಬ ಇಂಗ್ಲಿಷ್ ಪುಸ್ತಕ ಬಂತು. ಮುನ್ನುಡಿ ಪ್ರಧಾನಿ ಜವಾಹರಲಾಲ ನೆಹರೂ ಅವರದು. ಕೈಲಾಸಕ್ಕೆ ಹೋಗಬೇಕೆಂಬ ಹಂಬಲ ನೆಹರೂ ಅವರಿಗೂ ಹರೆಯದಿಂದ ಇತ್ತು, ಕೈಗೂಡಲಿಲ್ಲ. ಪುಸ್ತಕದಲ್ಲಿ ಲಿಪುಲೇಖ, ದಾರ್ಮಾ, ಊಂಟಾಧುರಾ, ನೀತಿ, ಮಾಣಾ, ಗಂಗೋತ್ರಿ ಕಡೆಯದು, ಶಿಮ್ಲಾ ಕಡೆಯದು, ಕಾಶ್ಮೀರದ್ದು, ನೇಪಾಳದ್ದು ಎಂದು ದಾರಿಗಳ ಪಟ್ಟಿಯೇ ಇದೆ. ಪ್ರತಿ ಬಿಡದಿಗೂ ಮೈಲಿ, ನೀರು, ಉರುವಲು, ಹಳ್ಳಿ, ಬೇಕಾದ ಸಾಮಾನು, ಟಿಬೆಟ್ಟಿ ಶಬ್ದಗಳು, ದರೋಡೆಕೋರರ ಭಯ ಎಲ್ಲಿ ಹೆಚ್ಚು ಎಂಬುದೂ ಇದೆ. ಕೈಲಾಸದ ಸುತ್ತು 32 ಮೈಲಿ, ಅದರ ಅತಿ ಎತ್ತರದ ಜಾಗ 18,600 ಅಡಿಯ ಡೋಲ್ಮಾ ಘಾಟು. ಭಕ್ತಿಗೀತೆಯನ್ನು ನಿರೀಕ್ಷಿಸಿ ತೆರೆದವರಿಗೆ ಇದು ರೇಲ್ವೆ ಟೈಮ್‌ಟೇಬಲ್ ಅನ್ನಿಸಬಹುದು. ಆದರೆ ಇಲ್ಲಿ ಕುಳ್ಳು ಸಿಗುತ್ತದೆ ಎಂಬ ಒಂದು ಸಾಲು ಅಲ್ಲಿ ಚಳಿಗೆ ನಡುಗುವವನಿಗೆ ಯಾವ ಸ್ತೋತ್ರಕ್ಕೆ ಕಡಿಮೆ?

ಅಷ್ಟೆಲ್ಲ ಶ್ರಮಪಟ್ಟು ಬರೆದ ದಾರಿಗಳ ಪುಸ್ತಕ ಬಂದ ಹದಿಮೂರೇ ವರ್ಷಕ್ಕೆ ದಾರಿಗಳು ಮುಚ್ಚಿದವು. 1950ರಲ್ಲಿ ಚೀನಾದ ಸೈನ್ಯ ಟಿಬೆಟ್ಟಿಗೆ ಬಂತು. 1954ರ ಒಪ್ಪಂದದಲ್ಲಿ ಯಾತ್ರಿಕರಿಗೆ ಅವಕಾಶ ಉಳಿಯಿತಾದರೂ 1962ರ ಯುದ್ಧದಿಂದ ಎಲ್ಲ ನಿಂತಿತು. ಗರ್ಬ್ಯಾಂಗದ ವ್ಯಾಪಾರವೂ ಹೋಯಿತು, ಉಪ್ಪು ಹೊತ್ತ ಕುರಿಗಳೂ ಹೋದವು. ಸ್ವಾಮಿಗಳಿಗೆ ಆಗ ಅರವತ್ತಾರು.

ಅಷ್ಟರಲ್ಲಿ ಅವರು ಇನ್ನೊಂದು ಸರೋವರಕ್ಕೆ ಗಂಟುಬಿದ್ದಿದ್ದರು. ಅದು ನಮ್ಮ ಪುಣೆಗೂ ಸಂಬಂಧಪಟ್ಟದ್ದು. ಗಢವಾಲದ ತ್ರಿಶೂಲ ಪರ್ವತದ ಬುಡದಲ್ಲಿ, 16,000 ಅಡಿಗೂ ಮೇಲೆ ರೂಪಕುಂಡ ಎಂಬ ಒಂದು ಚಿಕ್ಕ ಕೊಳವಿದೆ. ಮಾನಸ ಸರೋವರದ ಮುಂದೆ ಇದು ಒಂದು ಬೊಗಸೆ ನೀರು. ಲೋಹಾಜಂಗ್, ವಾಣ್, ಬೇದನಿ ಬುಗ್ಯಾಲದ ಹುಲ್ಲುಗಾವಲು, ಪಾತರ ನಚೌನಿ, ಕೈಲುವಿನಾಯಕ, ಬಗುವಾಬಾಸಾ, ಹೀಗೆ ಅಲ್ಲಿಗೆ ದಾರಿ. 1942ರಲ್ಲಿ ಅರಣ್ಯ ಇಲಾಖೆಯ ರೇಂಜರ್ ಹರಿಕಿಶನ್ ಮಧ್ವಾಲ್ ಹೋದಾಗ ಕೊಳದ ತುಂಬ, ದಂಡೆಯ ತುಂಬ ಮನುಷ್ಯರ ಎಲುಬು ಕಂಡವು. ಒಂದೆರಡಲ್ಲ, ನೂರಾರು ಜನರವು. ಯುದ್ಧದ ಕಾಲವಾದ್ದರಿಂದ ಜಪಾನಿ ಸೈನಿಕರಿರಬಹುದು ಎಂಬ ಗುಲ್ಲೂ ಎದ್ದಿತು. ಆಮೇಲೆ ಜೋರಾವರ್ ಸಿಂಗನ ದಾರಿತಪ್ಪಿದ ಸೈನ್ಯ ಅಂದರು ಕೆಲವರು.

1950ರ ದಶಕದ ಉತ್ತರಾರ್ಧದಲ್ಲಿ, ಅರವತ್ತರ ವಯಸ್ಸಿನಲ್ಲಿ, ಪ್ರಣವಾನಂದರು ಒಂದಕ್ಕಿಂತ ಹೆಚ್ಚು ಸಲ ರೂಪಕುಂಡ ಹತ್ತಿದರು. ಎಲುಬಿನ ಜೊತೆ ಚಪ್ಪಲಿ, ಬಿದಿರು, ಮರದ ಸಾಮಾನುಗಳಿದ್ದವು, ಹೆಂಗಸರವೂ ಎಲುಬಿದ್ದವು. ಸೈನ್ಯ ಹೀಗೆ ಹೋಗುವುದಿಲ್ಲ ಎಂದರು ಸ್ವಾಮಿಗಳು. ಆ ಸೀಮೆಯ ಹೆಂಗಸರು ತಲೆಮಾರುಗಳಿಂದ ಹಾಡುತ್ತ ಬಂದ ಒಂದು ಕಥೆಗೆ ಅವರು ಕಿವಿಗೊಟ್ಟರು. ಕನೌಜಿನ ರಾಜ ಜಸಧವಳ, ಗರ್ಭಿಣಿ ರಾಣಿ ಬಲಂಪಾ, ದೊಡ್ಡ ಪರಿವಾರದೊಂದಿಗೆ ನಂದಾದೇವಿಯ ಜಾತ್ರೆಗೆ ಹೊರಟರು. ಪವಿತ್ರ ದಾರಿಯಲ್ಲಿ ನರ್ತಕಿಯರನ್ನು ಕುಣಿಸಿದರು. ದೇವಿ ಮುನಿದು ಕಬ್ಬಿಣದಂಥ ಆಲಿಕಲ್ಲು ಸುರಿಸಿದಳು. ಪಾತರ ನಚೌನಿ ಎಂಬ ಜಾಗದ ಹೆಸರೇ ನರ್ತಕಿಯರು ಕುಣಿದ ನೆಲ ಅಂತ. ಈ ಎಲುಬುಗಳು ಯಾತ್ರಿಕರವು, ಹಾಡಿನಲ್ಲಿ ಸತ್ಯವಿದೆ ಎಂಬುದು ಸ್ವಾಮಿಗಳ ತೀರ್ಮಾನ. ಮಾನಸದ ತಾವರೆ ಸುಳ್ಳು ಎಂದ ಅದೇ ಮನುಷ್ಯ ಇಲ್ಲಿ ಹಳ್ಳಿಯ ಹಾಡನ್ನು ಸಾಕ್ಷಿಯ ಕಟಕಟೆಗೆ ತಂದರು. ತಾವರೆಯ ಮಾತು ದೂರದಲ್ಲಿ ಕೂತ ಕವಿಗಳದು, ಆಲಿಕಲ್ಲಿನ ಮಾತು ಆ ದಾರಿಯಲ್ಲೇ ನಡೆಯುವ ಜನರದು. ಈ ವ್ಯತ್ಯಾಸ ಅವರ ತೂಕದ ಬಟ್ಟಾಗಿತ್ತು ಅಂತ ನನಗನ್ನಿಸುತ್ತದೆ.

ಅವರು ತೀರಿಕೊಂಡ ಹದಿನೈದು ವರ್ಷದ ಮೇಲೆ, 2004ರ ಸುಮಾರಿಗೆ, ಆ ಎಲುಬುಗಳು ಪುಣೆಯ ವಿದ್ವಾಂಸರ ಕೈಗೆ ಬಂದವು. ಯೆರವಡಾದ ನಮ್ಮ ಡೆಕ್ಕನ್ ಕಾಲೇಜಿನ ಪುರಾತತ್ವ ವಿಭಾಗದಲ್ಲಿ ಹಳೆಯ ಎಲುಬು ಓದುವವರಿದ್ದಾರೆ. ಸುಭಾಷ ವಾಳಿಂಬೆ ಮತ್ತು ಅವರ ಸಂಗಡಿಗರು ನೋಡಿದಾಗ ಕೆಲವು ತಲೆಬುರುಡೆಗಳ ಮೇಲ್ಭಾಗದಲ್ಲಿ ದುಂಡನೆಯ ಪೆಟ್ಟಿನ ಗುರುತು ಕಂಡವು. ಕತ್ತಿಯ ಗಾಯವಲ್ಲ, ಬಾಣದ್ದಲ್ಲ, ಬಂಡೆ ಉರುಳಿದ್ದೂ ಅಲ್ಲ. ಕ್ರಿಕೆಟ್ ಚೆಂಡಿನಷ್ಟು ದಪ್ಪನೆಯ ಏನೋ ನೆಟ್ಟಗೆ ಮೇಲಿನಿಂದ ಬಿದ್ದಿತ್ತು. ಆಲಿಕಲ್ಲು! ಕಾಲ ಸುಮಾರು ಕ್ರಿ.ಶ. 850 ಎಂದು ಲೆಕ್ಕ ಸಿಕ್ಕಿತು. ಹಾಡು ಗೆದ್ದಿತು ಅಂತ ಎಲ್ಲರೂ ಅಂದುಕೊಂಡರು.

ಆದರೆ 2019ರಲ್ಲಿ ಡಿ.ಎನ್.ಎ. ಪರೀಕ್ಷೆ ಬಂತು. ಡೆಕ್ಕನ್ ಕಾಲೇಜಿನ ವೀಣಾ ಮುಶ್ರಿಫ್-ತ್ರಿಪಾಠಿ ಅವರೂ ಸೇರಿ ಅನೇಕ ದೇಶಗಳ ವಿದ್ವಾಂಸರು 38 ಜನರ ಎಲುಬು ಪರೀಕ್ಷಿಸಿದರು. 23 ಜನ ನಮ್ಮ ಉಪಖಂಡದವರು, ಸತ್ತದ್ದು ಕ್ರಿ.ಶ. 7ರಿಂದ 10ನೆಯ ಶತಮಾನದೊಳಗೆ, ಅದೂ ಒಂದೇ ಸಲಕ್ಕೆ ಅಲ್ಲ. ಉಳಿದವರಲ್ಲಿ 14 ಜನ ಪೂರ್ವ ಭೂಮಧ್ಯ ಸಮುದ್ರದ ಕಡೆಯವರು, ಇಂದಿನ ಗ್ರೀಸ್-ಕ್ರೀಟಿನ ಜನರನ್ನು ಹೋಲುವವರು. ಒಬ್ಬ ಆಗ್ನೇಯ ಏಷ್ಯಾದವನು. ಈ ಹದಿನೈದು ಜನ ಸತ್ತದ್ದು ಬಹಳ ಈಚೆಗೆ, ಸುಮಾರು 1800ರಲ್ಲಿ. ಗ್ರೀಸಿನ ಕಡೆಯವರು ತ್ರಿಶೂಲದ ಬುಡಕ್ಕೆ ಯಾಕೆ ಬಂದರು ಎಂಬುದಕ್ಕೆ ಹಾಡಿಲ್ಲ, ಶಾಸನವಿಲ್ಲ, ಯಾವ ದಫ್ತರದಲ್ಲೂ ಕಾಗದ ಸಿಕ್ಕಿಲ್ಲ. ಎಲ್ಲರೂ ಒಂದೇ ರಾಜನ ಪರಿವಾರ ಎಂಬ ಸ್ವಾಮಿಗಳ ಊಹೆ ನಿಲ್ಲಲಿಲ್ಲ. ಹಳೆಯ ಗುಂಪಿನವರು ಯಾತ್ರಿಕರು ಎಂಬ ಅವರ ಮಾತು ಮಾತ್ರ ಈಗಲೂ ವಿದ್ವಾಂಸರು ಒಪ್ಪಬಲ್ಲ ಮಾತೇ. ಇಷ್ಟು ಕಠಿಣ ಜಾಗಕ್ಕೆ ಹೆಂಗಸರು ಗಂಡಸರು ಕೂಡಿ ಹೋಗಲು ಬೇರೆ ಕಾರಣ ಹೊಳೆಯುವುದೂ ಕಷ್ಟ. ರೂಪಕುಂಡಕ್ಕೆ ಚಾರಣಕ್ಕೆ ಹೋಗೋಣ ಎನ್ನುವ ಗೆಳೆಯರಿಗೆ ಒಂದು ಮಾತು: 2018ರಲ್ಲಿ ಉತ್ತರಾಖಂಡದ ಹೈಕೋರ್ಟು ಆ ಹುಲ್ಲುಗಾವಲುಗಳಲ್ಲಿ ರಾತ್ರಿ ಡೇರೆ ಹಾಕುವುದನ್ನು ನಿಷೇಧಿಸಿತು. ಹೋಗುವವರ ತುಳಿತಕ್ಕೆ ಹುಲ್ಲು ಹಾಳಾಗಿತ್ತು, ಎಲುಬುಗಳನ್ನು ಚೀಲದಲ್ಲಿ ಹಾಕಿಕೊಂಡು ಬರುವ ಚಾಳಿಯೂ ಇತ್ತು. ನೂರಾರು ವರ್ಷ ಹಿಮ ಕಾಪಾಡಿದ್ದನ್ನು ನಾವು ಎಪ್ಪತ್ತು ವರ್ಷದಲ್ಲಿ ಚದುರಿಸಿಬಿಟ್ಟೆವು.

ಭಾರತ ಸರಕಾರ 1976ರಲ್ಲಿ ಸ್ವಾಮಿಗಳಿಗೆ ಪದ್ಮಶ್ರೀ ಕೊಟ್ಟಿತು. ಆಗ ಅವರಿಗೆ ಎಂಬತ್ತು. ಮುಚ್ಚಿದ್ದ ಲಿಪುಲೇಖದ ದಾರಿಯನ್ನು ಎರಡೂ ದೇಶಗಳು ಮಾತಾಡಿಕೊಂಡು 1981ರಲ್ಲಿ ಯಾತ್ರಿಕರಿಗೆ ತೆರೆದವು. ಮರುವರ್ಷವೇ ನಮ್ಮಲ್ಲಿ ಪುಟ್ಟಣ್ಣ ಕಣಗಾಲರ 'ಮಾನಸ ಸರೋವರ' ಬಂದು, ಆ ಹೆಸರು ಕನ್ನಡಿಗರ ಬಾಯಲ್ಲಿ ಬೇರೆಯೇ ಕಾರಣಕ್ಕೆ ಓಡಾಡತೊಡಗಿತು ಎಂಬುದು ಬೇರೆ ಮಾತು. ಸರಕಾರದ ತಂಡಗಳಲ್ಲಿ ಸೀಟಿ ಹಾಕಿ, ವೈದ್ಯರ ಪರೀಕ್ಷೆ ಮಾಡಿಸಿ, ಎಣಿಸಿದಷ್ಟೇ ಜನರನ್ನು ಒಯ್ಯುವ ಏರ್ಪಾಟು. 2020ರಲ್ಲಿ ಅದೂ ನಿಂತಿತು, 2025ರ ಬೇಸಿಗೆಯಲ್ಲಿ ಮತ್ತೆ ಶುರುವಾಯಿತು.

ಸ್ವಾಮಿ ಪ್ರಣವಾನಂದರು 1989ರಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ದಾರಿಗಳಲ್ಲಿ ದಾರ್ಮಾ, ಊಂಟಾಧುರಾ, ನೀತಿ, ಮಾಣಾ ಘಾಟುಗಳು ಯಾತ್ರಿಕರಿಗೆ ಇನ್ನೂ ಮುಚ್ಚಿಯೇ ಇವೆ.